ಅಜ್ಜನ ಫೈಬರ್ ದೋಣಿ: ಎಂಜಿನ್ ಕೊಳ್ಳುವ ಮೊದಲು ಹಿಂಬದಿ ತಟ್ಟಿ ನೋಡಿ

ಪ್ರಶ್ನೆ: ನನ್ನ ಅಮ್ಮನ ತವರು ಕಾರವಾರದ ಕೋಡಿಬಾಗ. ಅಜ್ಜ 1986ರಲ್ಲಿ ಗೋವಾದಲ್ಲಿ ಮಾಡಿಸಿ ತಂದ 16 ಅಡಿಯ ಫೈಬರ್ ಮೋಟಾರ್ ದೋಣಿ ಈಗ ನನ್ನ ಪಾಲಿಗೆ ಬಂದಿದೆ. ಅಜ್ಜ ಇರುವಷ್ಟು ದಿನ ಅದು ಕಾಳಿ ನದಿಯಲ್ಲೇ ಕಟ್ಟಿರುತ್ತಿತ್ತು. ಅವರು ತೀರಿಕೊಂಡ ಮೇಲೆ 12 ವರ್ಷದಿಂದ ಮನೆಯ ಹಿಂದೆ ಎರಡು ತೆಂಗಿನ ದಿಮ್ಮಿಗಳ ಮೇಲೆ ಕೂತಿದೆ. ಮೇಲಿನ ತಗಡು ಹಾರಿಹೋಗಿ ಮೂರ್ನಾಲ್ಕು ಮಳೆಗಾಲ ನೀರು ಒಳಗೇ ನಿಂತಿತ್ತು. ತಳದಲ್ಲಿ ಕಡಲೆಕಾಳಿನಷ್ಟು ಗುಳ್ಳೆಗಳಿವೆ, ಎಂಜಿನ್ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಹಳೆಯ 40 ಎಚ್‌ಪಿ ಎಂಜಿನ್ ಜಾಮ್ ಆಗಿದೆ. ಮಾವ ಹೇಳುವುದು: 'ಫೈಬರ್ ಕೊಳೆಯೋದಿಲ್ಲ, ಮೇಲಿಂದ ಎರಡು ಲೇಯರ್ ಹೊಡೆಸಿ ಬಣ್ಣ ಬಳಿದರೆ ಹೊಸದು.' ಹೋದ ವರ್ಷ ಅವರೇ ತಳಕ್ಕೆಲ್ಲ ಗೇರೆಣ್ಣೆ ಹಚ್ಚಿದ್ದಾರೆ. ಗೆಳೆಯರೊಬ್ಬರು ಹೊಸ ಫೋರ್‌ಸ್ಟ್ರೋಕ್ ಎಂಜಿನ್ ಕಡಿಮೆ ಬೆಲೆಗೆ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಬರುವ ಜನವರಿಯ ಕೂರ್ಮಗಡ ದ್ವೀಪದ ಜಾತ್ರೆಗೆ ಅಮ್ಮನನ್ನು ಇದೇ ದೋಣಿಯಲ್ಲಿ ಕರೆದೊಯ್ಯುವ ಆಸೆ. ಆದೀತೇ? ಇನ್ನೊಂದು: ಮೂತಿಯ ಮೇಲೆ ಅಜ್ಜ ಬರೆಸಿದ 'ಶ್ರೀ ದುರ್ಗಾ' ಎಂಬ ಹೆಸರು ಉಳಿಸಿಕೊಳ್ಳಬಹುದೇ?

ಉತ್ತರ: ಎಂಜಿನ್‌ಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ಈ ಜನವರಿಯ ಜಾತ್ರೆ ಆಗದು. ಅದರ ಮುಂದಿನ ಜಾತ್ರೆಗೆ ಆಗಬಹುದು, ಅದೂ ದೋಣಿಯ ಹಿಂಬದಿ ಏನು ಹೇಳುತ್ತದೆ ಎಂಬುದರ ಮೇಲೆ.

ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಫೈಬರ್ ಕೊಳೆಯುವುದಿಲ್ಲ. ಆದರೆ ಆ ಕಾಲದ ಫೈಬರ್ ದೋಣಿ ಬರೀ ಫೈಬರಿನದಲ್ಲ. ಎಂಜಿನ್ ಕೂರುವ ಹಿಂಬದಿ ಗೋಡೆ, ಅಂದರೆ ನಾವು ಟ್ರಾನ್ಸಮ್ ಅನ್ನುವುದು, ಬಹುಪಾಲು ಪ್ಲೈವುಡ್. ಅದರ ಎರಡೂ ಕಡೆ ಫೈಬರಿನ ತೊಗಲು ಹೊದಿಸಿರುತ್ತಾರೆ. ನೆಲದ ಹಲಗೆಯೂ ಪ್ಲೈವುಡ್ಡೇ. ಅದರ ಕೆಳಗೆ ಮೂತಿಯಿಂದ ಹಿಂಬದಿಯವರೆಗೆ ಓಡುವ ಉದ್ದ ತೊಲೆಗಳ ಒಳಗೂ ಮರವೇ. ಕೆಲವು ದೋಣಿಗಳಲ್ಲಿ ಆ ತೊಲೆಗಳ ನಡುವೆ ತೇಲಲಿ ಎಂದು ಫೋಮ್ ತುಂಬಿರುತ್ತಾರೆ. ಎಂಜಿನ್ ಬೋಲ್ಟಿನ ತೂತು, ನೀರು ಬಿಡುವ ಬಿರಡೆಯ ತೂತು, ನೆಲಕ್ಕೆ ಹೊಡೆದ ಸ್ಕ್ರೂ ಇವುಗಳಲ್ಲಿ ಒಂದರ ಸುತ್ತ ಕೂದಲೆಳೆ ಸಂದಿ ಬಿಟ್ಟರೂ ನೀರು ಒಳಗೆ ಸೇರುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ.

'12 ವರ್ಷ ದಡದಲ್ಲೇ ಇತ್ತಲ್ಲ, ನೀರೇ ಮುಟ್ಟಿಲ್ಲ' ಎಂದು ಇಂಥ ದೋಣಿ ತರುವವರೆಲ್ಲ ಹೇಳುತ್ತಾರೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರು ಅಷ್ಟು ಒಗ್ಗುವುದಿಲ್ಲ. ಮಳೆನೀರು ಅದಕ್ಕೆ ಹಬ್ಬ. ಕಾಳಿಯ ಉಪ್ಪುನೀರಿನಲ್ಲಿ ಕಟ್ಟಿದ್ದ ವರ್ಷಗಳಿಗಿಂತ ಮನೆ ಹಿಂದೆ ಮಳೆನೀರು ತುಂಬಿಕೊಂಡು ಕೂತ ಆ ಮೂರ್ನಾಲ್ಕು ಮಳೆಗಾಲ ನಿಮ್ಮ ದೋಣಿಗೆ ಹೆಚ್ಚು ಕೆಟ್ಟದ್ದು ಮಾಡಿರುವ ಸಾಧ್ಯತೆ ಇದೆ. ಕಾರವಾರದಲ್ಲಿ ವರ್ಷಕ್ಕೆ ಮೂರು ಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಬಿರಡೆ ಹಾಕಿಟ್ಟ ದೋಣಿ ಅಷ್ಟು ಮಳೆಗೆ ಒಂದು ತೊಟ್ಟಿ.

ಆ 'ಎರಡು ಲೇಯರ್' ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೇನೆ. ದೋಣಿ ದುರಸ್ತಿಯ ಕಸುಬಿಗೆ ಇಳಿದ ಹೊಸತರಲ್ಲಿ ಅಘನಾಶಿನಿಯಲ್ಲಿ ಓಡುತ್ತಿದ್ದ ದೋಣಿಯೊಂದರ ಟ್ರಾನ್ಸಮ್ ಮೆತ್ತಗಾಗಿದೆ ಎಂದು ಗೊತ್ತಿದ್ದೂ, ಗಿರಾಕಿಯ ಅವಸರಕ್ಕೆ ಒಪ್ಪಿ ಹೊರಗಿನಿಂದ ಎರಡು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಹಾಕಿ, ನುಣ್ಣಗೆ ಉಜ್ಜಿ, ಬಿಳಿ ಬಣ್ಣ ಹೊಡೆದುಕೊಟ್ಟೆ. ನೋಡಲು ಚೆಂದವೇ ಇತ್ತು. ಎರಡನೇ ಮಳೆಗಾಲ ಕಳೆದ ಮೇಲೆ ವಾಪಸ್ ಬಂತು. ಒಳಗಿನ ತೊಗಲು ಕತ್ತರಿಸಿದೆ, ಮರ ಇರಲಿಲ್ಲ. ಸೋಸಿದ ಚಹಾಪುಡಿಯಂಥ ಕಪ್ಪು ಗೊಜ್ಜು ಕೈಗೆ ಬಂತು, ಹಿಂಡಿದರೆ ನೀರು. ಒದ್ದೆಯನ್ನು ಒಳಗಿಟ್ಟು ಬಾಗಿಲು ಹಾಕಿದ್ದೆ ಅಷ್ಟೆ. ಪುಣ್ಯಕ್ಕೆ ಎಂಜಿನ್ ನದಿ ಪಾಲಾಗಿರಲಿಲ್ಲ. ದುರಸ್ತಿ ನನ್ನ ಖರ್ಚಿನಲ್ಲೇ ಆಯಿತು.

ಈಗ ನಿಮ್ಮ ದೋಣಿ ನೋಡೋಣ. ಖರ್ಚಿಲ್ಲದೆ ಮನೆಯಲ್ಲೇ ಮಾಡುವ ಪರೀಕ್ಷೆಗಳಿವೆ.

ಮೊದಲನೆಯದು ಹಿಂಬದಿ. ಒಂದು ಸಣ್ಣ ಸುತ್ತಿಗೆ ತೆಗೆದುಕೊಳ್ಳಿ, ಇಲ್ಲವಾದರೆ ಸ್ಕ್ರೂಡ್ರೈವರ್ ಹಿಡಿಯಾದರೂ ಸಾಕು. ಹಿಂಬದಿ ಗೋಡೆಯನ್ನು ಮೇಲಿನ ಮೂಲೆಯಿಂದ ಶುರುಮಾಡಿ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತ ಬನ್ನಿ. ಗಟ್ಟಿ ಇದ್ದಲ್ಲಿ 'ಟಕ್ ಟಕ್', ಕೊಳೆತಲ್ಲಿ ಅಥವಾ ತೊಗಲು ಬಿಟ್ಟಲ್ಲಿ 'ದಬ್ ದಬ್'. ಕಿವಿಗೆ ಐದು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆಮೇಲೆ ಒಳಗಡೆಯಿಂದ, ತಳಕ್ಕೆ ಹತ್ತಿರ, 5 ಮಿ.ಮೀ. ಬಿಟ್‌ನಲ್ಲಿ ಮೂರ್ನಾಲ್ಕು ಕಡೆ ತೂತು ಹಾಕಿ. ಹೊರಗಿನ ತೊಗಲಿನವರೆಗೆ ಹೋಗಬೇಡಿ. ಬರುವ ಪುಡಿ ನೋಡಿ: ಒಣಗಿದ ತಿಳಿಬಣ್ಣದ ಹೊಟ್ಟು ಬಂದರೆ ಒಳ್ಳೆಯದು, ಕಪ್ಪಾಗಿ, ಬಿಟ್‌ಗೆ ಅಂಟಿಕೊಂಡು, ಹುಳಿ ವಾಸನೆ ಬಂದರೆ ಮರ ಹೋಗಿದೆ. ಜಾಮ್ ಆದ ಹಳೆಯ ಎಂಜಿನ್ ಇನ್ನೂ ಅಲ್ಲೇ ಇದ್ದರೆ ಅದರ ಕಾಲು ಹಿಡಿದು ಮೇಲೆ ಕೆಳಗೆ ಒತ್ತಿ, ಇನ್ನೊಬ್ಬರಿಗೆ ಟ್ರಾನ್ಸಮ್ ಅಂಚು ನೋಡಲು ಹೇಳಿ. ಕಣ್ಣಿಗೆ ಕಾಣುವಷ್ಟು ಬಾಗಿದರೆ ಬೇರೆ ಪರೀಕ್ಷೆ ಬೇಡ. ನೀವು ಹೇಳಿದ ಕೂದಲೆಳೆ ಬಿರುಕುಗಳು ಮೂಲೆಗಳಿಂದ ಹೊರಟು ಬಳ್ಳಿಯಂತೆ ಹರಡಿದ್ದರೆ ಆ ಗೋಡೆ ಬಹಳ ದಿನದಿಂದ ಬಾಗುತ್ತಿದೆ ಎಂದು ಅರ್ಥ. ಅಲ್ಲಲ್ಲಿ ಚದುರಿದ್ದರೆ ಅದು ಜೆಲ್‌ಕೋಟ್ (ಫೈಬರಿನ ಹೊರಗಿನ ನುಣುಪು ಪದರ) ದಪ್ಪವಾಗಿ ಒಣಗಿ ಸೀಳಿದ್ದು, ಚಿಂತೆ ಇಲ್ಲ.

ಎರಡನೆಯದು ದಿಮ್ಮಿಗಳು. ಎರಡೇ ಬಿಂದುಗಳ ಮೇಲೆ 12 ವರ್ಷ ಕೂತ ದೋಣಿಯ ತಳ ಆ ಎರಡು ಕಡೆ ಒಳಕ್ಕೆ ತಗ್ಗಿರಬಹುದು. ನೇರವಾದ ಆರಡಿ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಉದ್ದುದ್ದ ಹಿಡಿದು ಬೆಳಕು ಎಲ್ಲಿ ತೂರುತ್ತದೆ ನೋಡಿ. ಹಿಂಬದಿಯ ಕೊನೆಯ ನಾಲ್ಕೈದು ಅಡಿಯಲ್ಲಿ ತಗ್ಗಿದ್ದರೆ ವೇಗದಲ್ಲಿ ದೋಣಿ ಮೂತಿ ತಗ್ಗಿಸಿ ಓಡುತ್ತದೆ, ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ. ಇವತ್ತೇ ದಿಮ್ಮಿ ತೆಗೆಸಿ, ತಳದ ಆಕಾರಕ್ಕೆ ಕತ್ತರಿಸಿದ ನಾಲ್ಕೈದು ಅಡ್ಡಹಲಗೆಗಳ ಮೇಲೆ, ನಡುವೆ ಹಳೆಯ ಟೈರಿನ ತುಂಡು ಕೊಟ್ಟು ಕೂರಿಸಿ. ಮುಂದೆ ನೆಲ ಕಿತ್ತರೆ ಇದು ಇನ್ನೂ ಮುಖ್ಯ. ನೆಲವೂ ತೊಲೆಯೂ ಇಲ್ಲದ ಹಳೆಯ ಹಲ್, ಅಂದರೆ ದೋಣಿಯ ಹೊರಮೈ, ಬಾಳೆ ಹಾಳೆಯಂತೆ ತಿರುಚಿಕೊಳ್ಳುತ್ತದೆ. ತಿರುಚಿದ ಮೇಲೆ ಹೊಸ ತೊಲೆ ಕೂರಿಸಿದರೆ ಆ ವಕ್ರ ಶಾಶ್ವತ.

ಮೂರನೆಯದು ತೂಕ. ಎಲ್ಲಿಗಾದರೂ ಲಾರಿಯಲ್ಲಿ ಸಾಗಿಸುವಾಗ ದಾರಿಯ ವೇ ಬ್ರಿಜ್‌ನಲ್ಲಿ ದೋಣಿ ಸಮೇತ ಒಮ್ಮೆ, ದೋಣಿ ಇಳಿಸಿ ಬರುವಾಗ ಒಮ್ಮೆ ತೂಗಿಸಿ. ಎಂಜಿನ್ ಇಲ್ಲದ 16 ಅಡಿ ತೆರೆದ ದೋಣಿ ಮುನ್ನೂರು ಕೆ.ಜಿ. ಆಸುಪಾಸು ಇದ್ದರೆ ಸರಿ. ಐನೂರು ದಾಟಿದರೆ ನೆಲದಡಿ ಫೋಮ್ ನೀರು ಕುಡಿದಿದೆ. ಒಣಗಿದ ಫೋಮ್ ಘನ ಮೀಟರಿಗೆ ಮೂವತ್ತು ಕೆ.ಜಿ. ಚಿಲ್ಲರೆ, ನೀರು ಸಾವಿರ. ನೆನೆದ ಫೋಮ್ ಬಿಸಿಲಿಗಿಟ್ಟು ಒಣಗಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತೇ ತೆಗೆಯಬೇಕು.

ಗುಳ್ಳೆಗಳ ಬಗ್ಗೆ ನೀವು ಹೆದರಿದ್ದೀರಿ, ಆದರೆ ನಿಮ್ಮ ಪಟ್ಟಿಯಲ್ಲಿ ಅದು ಕಡಿಮೆ ಅಪಾಯದ್ದು. ವರ್ಷಗಟ್ಟಲೆ ನೀರಿನಲ್ಲೇ ಇದ್ದ ದೋಣಿಯ ಜೆಲ್‌ಕೋಟ್ ದಾಟಿ ನೀರಿನ ಅಣು ನಿಧಾನಕ್ಕೆ ಒಳಹೋಗುತ್ತದೆ, ರೆಸಿನ್‌ನಲ್ಲಿ (ಫೈಬರಿನ ಎಳೆಗಳನ್ನು ಬೆಸೆಯುವ ಅಂಟು) ಪೂರ್ತಿ ಗಟ್ಟಿಯಾಗದೆ ಉಳಿದ ಅಂಶಗಳನ್ನು ಕರಗಿಸುತ್ತದೆ. ಆ ದ್ರವ ಇನ್ನಷ್ಟು ನೀರನ್ನು ಎಳೆದುಕೊಂಡು ಗುಳ್ಳೆಯಾಗಿ ಉಬ್ಬುತ್ತದೆ. ಕನ್ನಡಕ ಹಾಕಿಕೊಂಡು ಒಂದನ್ನು ದಬ್ಬಣದಿಂದ ಚುಚ್ಚಿ ನೋಡಿ, ಒತ್ತಡ ಇದ್ದರೆ ಚಿಮ್ಮುತ್ತದೆ, ವಿನೆಗರ್ ವಾಸನೆ ಇರುತ್ತದೆ. ಎಲ್ಲ ಗುಳ್ಳೆ ತೆರೆದು ಉಜ್ಜಿ, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಬರೀ ಒಣಗಿಸಿದರೆ ಆ ಅಂಟುದ್ರವ ಹೋಗುವುದಿಲ್ಲ. ಆಮೇಲೆ ಎಪಾಕ್ಸಿ (ಎರಡು ದ್ರವ ಕಲಸಿ ಗಟ್ಟಿಯಾಗಿಸುವ ರೆಸಿನ್) ಪುಟ್ಟಿ, ಅದರ ಮೇಲೆ ಎಪಾಕ್ಸಿ ತಡೆಪದರ. ಕಾರಿನ ಗ್ಯಾರೇಜಿನ ಪುಟ್ಟಿ ನೀರಿನ ಮಟ್ಟದ ಕೆಳಗೆ ಬೇಡವೇ ಬೇಡ, ಅದು ನೀರು ಹೀರುತ್ತದೆ. ನೀವು ದೋಣಿಯನ್ನು ನದಿಯಲ್ಲೇ ಕಟ್ಟದೆ ಪ್ರತಿಸಲ ದಡಕ್ಕೆ ಎಳೆಯುವುದಾದರೆ ಗುಳ್ಳೆ ಮರಳಿ ಬರುವ ಸಾಧ್ಯತೆ ಕಡಿಮೆ.

ಗೇರೆಣ್ಣೆಯದು ಬೇರೆಯೇ ಕಥೆ. ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚುವುದು ನಮ್ಮ ಕರಾವಳಿಯ ಹಳೇ ಬುದ್ಧಿ, ಒಳ್ಳೆಯ ಬುದ್ಧಿ. ಮಾವನ ಮೇಲೆ ಸಿಟ್ಟಾಗಬೇಡಿ. ಆದರೆ ಫೈಬರಿಗೆ ಅದರಿಂದ ಏನೂ ಲಾಭವಿಲ್ಲ, ಅದರ ಮೇಲೆ ರೆಸಿನ್ ಆಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಇಲ್ಲಿ ಹೊಸಬರು ಮಾಡುವ ತಪ್ಪು: ಎಣ್ಣೆ ಇದೆಯೆಂದು ನೇರ ಗ್ರೈಂಡರ್ ಹಿಡಿಯುವುದು. ಬಿಸಿಗೆ ಎಣ್ಣೆ ಗೀರುಗಳ ಒಳಗೆ ಇಳಿದು ಕೂರುತ್ತದೆ. ಮೊದಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಎರಡೂ ಬಟ್ಟೆ ಬದಲಿಸುತ್ತ ನಾಲ್ಕೈದು ಸಲ. ಆಮೇಲೆ ನೀರು ಎರಚಿ ನೋಡಿ: ನೀರು ಹಾಳೆಯಂತೆ ಹರಡಿ ನಿಂತರೆ ಎಣ್ಣೆ ಹೋಗಿದೆ, ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾದರೆ ಇನ್ನೂ ಇದೆ. ಅದಾದ ಮೇಲಷ್ಟೇ ಉಜ್ಜುವ ಕೆಲಸ.

ಪರೀಕ್ಷೆ ಮುಗಿದ ಮೇಲೆ ನಿಮ್ಮ ಮುಂದೆ ಮೂರು ದಾರಿ ಇರುತ್ತವೆ.

ಮರವೆಲ್ಲ ಗಟ್ಟಿ ಇದ್ದರೆ, ಮಳೆನೀರಿನ ಕಥೆ ಕೇಳಿದ ಮೇಲೆ ನನಗೆ ಆ ನಂಬಿಕೆ ಕಡಿಮೆ, ತೂತುಗಳನ್ನು ಎಪಾಕ್ಸಿಯಿಂದ ಮುಚ್ಚಿ, ತಳ ಸರಿಮಾಡಿ, ಬಣ್ಣ ಹೊಡೆದು ಇಳಿಸಿ.

ಟ್ರಾನ್ಸಮ್ ಮಾತ್ರ ಹೋಗಿದ್ದರೆ, ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ, ಒಳಗಿನ ತೊಗಲನ್ನು ಕತ್ತರಿಸಿ ತೆಗೆದು, ಹೊರಗಿನದನ್ನು ಅಚ್ಚಿನಂತೆ ಉಳಿಸಿಕೊಳ್ಳುತ್ತೇವೆ. ಕೊಳೆತದ್ದನ್ನೆಲ್ಲ ಕೆರೆದು, ಒಂದೆರಡು ವಾರ ಗಾಳಿಗೆ ಬಿಟ್ಟು, ಐಎಸ್ 710 ಗುರುತಿನ ಮರೈನ್ ಪ್ಲೈ 18 ಮಿ.ಮೀ.ನ ಎರಡು ಹಾಳೆಯನ್ನು ಎಪಾಕ್ಸಿಯಲ್ಲಿ ಒಂದಕ್ಕೊಂದು ಅಂಟಿಸಿ ಕೂರಿಸುವುದು. ಅಂಗಡಿಯವರು 'ಇದೂ ವಾಟರ್‌ಪ್ರೂಫೇ' ಎಂದು ಬೇರೆ ಪ್ಲೈ ತೋರಿಸುತ್ತಾರೆ. ಹಾಳೆಯ ಮೇಲಿನ ಮುದ್ರೆಯನ್ನು ನೀವೇ ಓದಿ. 710ರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಎಂಬುದು ನಿಯಮ. ಹಾಳೆಯ ನಾಲ್ಕು ಅಂಚಿಗೂ ಕೂರಿಸುವ ಮೊದಲೇ ಎಪಾಕ್ಸಿ ಕುಡಿಸಬೇಕು, ನೀರು ಹೀರುವುದು ಅಂಚಿನಿಂದಲೇ. ಪಕ್ಕದ ಗೋಡೆಗೂ ತಳಕ್ಕೂ ಸೇರುವ ಮೂಲೆಯನ್ನು ಪುಟ್ಟಿಯಿಂದ ದುಂಡಗೆ ಮಾಡಿ, ಫೈಬರಿನ ಬಟ್ಟೆಯನ್ನು ಕನಿಷ್ಠ ಆರಂಗುಲ ಎರಡೂ ಕಡೆಗೆ ಹರಡಿಸಿ. ಬೋಲ್ಟ್ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಹಾಕಬೇಕು. ಆಗ ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಈ ಒಂದು ಕೆಲಸವನ್ನು 1986ರಲ್ಲಿ ಮಾಡಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನೆಲ, ತೊಲೆ, ಫೋಮ್ ಎಲ್ಲವೂ ಹೋಗಿದ್ದರೆ ಉಳಿಯುವುದು ಸಿಪ್ಪೆ ಮಾತ್ರ. ಅದನ್ನೂ ಮರಳಿ ಕಟ್ಟಬಹುದು, ನಾವು ಕಟ್ಟಿದ್ದೇವೆ. ಆದರೆ ಲೆಕ್ಕ ಹಾಕಿದರೆ ಅದೇ ಅಳತೆಯ ಹೊಸ ದೋಣಿಗಿಂತ ಅಗ್ಗವಾಗುವುದಿಲ್ಲ. ಅಜ್ಜನದು ಎಂಬ ಕಾರಣಕ್ಕೆ ಮಾಡುತ್ತೀರಾದರೆ ಮಾಡಿ, ಅದು ಸರಿಯಾದ ಕಾರಣವೇ. ಉಳಿತಾಯ ಎಂದುಕೊಂಡು ಮಾಡಬೇಡಿ.

ರೆಸಿನ್ ವಿಷಯದಲ್ಲಿ ಒಂದು ಮಾತು. ನಮ್ಮ ಕಡೆಯ ಶೆಡ್‌ಗಳಲ್ಲಿ ಹೊಸ ದೋಣಿ ಕಟ್ಟುವುದು ಪಾಲಿಯೆಸ್ಟರ್ ರೆಸಿನ್‌ನಲ್ಲಿ. ಹೊಸದಕ್ಕೆ ಅದು ಸಾಕು. ಹಳೆಯ, ಪೂರ್ತಿ ಗಟ್ಟಿಯಾದ ಫೈಬರಿನ ಮೇಲೆ ಅದರ ಹಿಡಿತ ಕಡಿಮೆ. ಅಲ್ಲಿ ಎಪಾಕ್ಸಿ ದುಬಾರಿಯಾದರೂ ಅದನ್ನೇ ಬಳಸಿ. ಆದರೆ ಎಪಾಕ್ಸಿ ಜೊತೆ ಮಾಮೂಲಿ ಮ್ಯಾಟ್ ಬೇಡ. ಆ ಮ್ಯಾಟ್‌ನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗದೆ ಬಿರುಸಾಗಿ ನಿಲ್ಲುತ್ತದೆ. ನೇಯ್ದ ಬಟ್ಟೆ ಕೇಳಿ. ನಮ್ಮ ಹವೆಯಲ್ಲಿ ಎಪಾಕ್ಸಿ ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಮುಂದಿನ ಪದರಕ್ಕೆ ಮೊದಲು ನೀರು ಹಾಕಿ ಉಜ್ಜಿ ತೊಳೆಯದಿದ್ದರೆ ಪದರ ಬಿಡುತ್ತದೆ. ಮಾರ್ಚ್ ಬಿಸಿಲಲ್ಲಿ ದೊಡ್ಡ ಡಬ್ಬಿಯಲ್ಲಿ ಕಲಸಿದರೆ ಹತ್ತು ನಿಮಿಷದಲ್ಲಿ ಹೊಗೆ ಎದ್ದೀತು, ಸಣ್ಣ ಸಣ್ಣ ಪಾಲು ಕಲಸಿ.

ಎಲ್ಲಾದರೂ ಪಾಲಿಯೆಸ್ಟರ್ ಬಳಸಿದಿರೋ, ರೆಸಿನ್ ಗಟ್ಟಿಯಾಗಲೆಂದು ಅದಕ್ಕೆ ಬೆರೆಸುವ ನೇರಳೆ ಬಣ್ಣದ ಕೋಬಾಲ್ಟನ್ನೂ ಹಾರ್ಡನರನ್ನೂ ಎಂದೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ. ಕೋಬಾಲ್ಟ್ ರೆಸಿನ್‌ಗೆ ಪೂರ್ತಿ ಬೆರೆತ ಮೇಲೆ ಹಾರ್ಡನರ್. ಎರಡನ್ನೂ ಒಂದೇ ಲೋಟಕ್ಕೆ ಸುರಿದ ಹುಡುಗನೊಬ್ಬನ ಕೈಯಲ್ಲಿ ಅದು ಭಗ್ಗೆಂದದ್ದನ್ನು ನಾನು ಹತ್ತಡಿ ದೂರದಿಂದ ನೋಡಿದ್ದೇನೆ. ಅವನ ಹುಬ್ಬು ಬರಲು ಎರಡು ತಿಂಗಳು ಹಿಡಿಯಿತು. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಉಜ್ಜುವಾಗ ಟವೆಲ್ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು.

ಕಾಲದ ಲೆಕ್ಕ ಹೀಗೆ. ಮಳೆ ನಿಂತು ನವೆಂಬರ್ ಬಂದ ಮೇಲೆ ನೆಲ ತೆರೆದು ಒಣಗಿಸಲು ಬಿಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಉಜ್ಜಿದ ತಳಕ್ಕೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದೆರಡು ದಿನ ಬಿಡಿ. ಒಳಗೆ ಬೆವರು ಕಂಡರೆ ಇನ್ನೂ ಒದ್ದೆ. ಒಣಗಲು ಎರಡು ಮೂರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಫೆಬ್ರವರಿಯಿಂದ ಏಪ್ರಿಲ್ ನಡುವೆ ರೆಸಿನ್ ಕೆಲಸ, ಅದೂ ಬೆಳಿಗ್ಗೆ ಮಂಜು ಆರಿದ ಮೇಲೆ. ಮೇ ತಿಂಗಳಲ್ಲಿ ಬಣ್ಣ. ಮಳೆಗಾಲವಿಡೀ ಮುಚ್ಚಿಟ್ಟು, ಅಕ್ಟೋಬರ್‌ನಲ್ಲಿ ನೀರಿಗೆ.

ಎಂಜಿನ್‌ಗೆ ಬರೋಣ. ಗೆಳೆಯರು ಹೇಳಿದ ಫೋರ್‌ಸ್ಟ್ರೋಕ್ ಒಳ್ಳೆಯದೇ, ಆದರೆ ಹಳೆಯ 40 ಎಚ್‌ಪಿ ಟೂಸ್ಟ್ರೋಕ್ 70–75 ಕೆ.ಜಿ. ಇದ್ದರೆ ಅಷ್ಟೇ ಶಕ್ತಿಯ ಫೋರ್‌ಸ್ಟ್ರೋಕ್ ನೂರರ ಹತ್ತಿರ. ಅಷ್ಟೂ ಹೆಚ್ಚುವರಿ ತೂಕ ನೇತಾಡುವುದು ಅದೇ ಟ್ರಾನ್ಸಮ್ ಮೇಲೆ. ಅದಕ್ಕೇ ಮೊದಲು ಗೋಡೆ, ಆಮೇಲೆ ಎಂಜಿನ್ ಎಂದದ್ದು. ಜಾಮ್ ಆದದ್ದನ್ನು ಹಗ್ಗ ಎಳೆದು ಬಿಡಿಸಲು ಹೋಗಬೇಡಿ. ಪ್ಲಗ್ ತೆಗೆದು ಡೀಸೆಲ್ಲೋ ತುಕ್ಕು ಬಿಡಿಸುವ ಎಣ್ಣೆಯೋ ಹಾಕಿ ವಾರ ಬಿಡಿ, ಆಮೇಲೆ ಫ್ಲೈವೀಲ್ ಅನ್ನು ಮೆಲ್ಲಗೆ ಅಲುಗಾಡಿಸಿ. ತಿರುಗಿದರೆ ಮೆಕ್ಯಾನಿಕ್ ಬಳಿ ಒಯ್ಯಿರಿ. ತಿರುಗದಿದ್ದರೆ ಬಿಡಿಭಾಗಕ್ಕೆ ಮಾರಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಕೆಳಗಿನ ಗೇರ್ ಎಣ್ಣೆ ಬಿಚ್ಚಿ ನೋಡಿ, ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಅಗ್ಗವೆಂದು ಸೀಮೆಎಣ್ಣೆಯನ್ನು ಪೆಟ್ರೋಲ್ ಎಂಜಿನ್‌ಗೆ ಹಾಕಬೇಡಿ. ಮೀನುಗಾರರ ಸೀಮೆಎಣ್ಣೆ ಎಂಜಿನ್ ಅದಕ್ಕೆಂದೇ ಮಾಡಿದ್ದು.

ಇಂಧನದ್ದು ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನೊಂದಿಗೆ ತಳಕ್ಕೆ ಇಳಿದು ನಿಲ್ಲುತ್ತದೆ. ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ನಿಮ್ಮ ದೋಣಿಯಲ್ಲಿ ನೆಲದಡಿ ಫೈಬರಿನದೇ ಟ್ಯಾಂಕ್ ಕಟ್ಟಿದ್ದರೆ ಅದನ್ನು ಬಳಸಲೇಬೇಡಿ. ಹಳೆಯ ಪಾಲಿಯೆಸ್ಟರನ್ನು ಎಥೆನಾಲ್ ಕರಗಿಸುತ್ತದೆ, ಆ ಅಂಟು ಎಂಜಿನ್ ಒಳಗೆ ಹೋಗಿ ಕೂರುತ್ತದೆ. ಕೈಯಲ್ಲಿ ಎತ್ತಿ ಒಯ್ಯುವ ಟ್ಯಾಂಕ್, ಹೊಸ ಪೈಪ್, ನೀರು ಬೇರ್ಪಡಿಸುವ ಫಿಲ್ಟರ್, ಮತ್ತು ಮನೆಗೆ ಬಂದ ಮೇಲೆ ಕಾರ್ಬುರೇಟರ್ ಖಾಲಿ ಮಾಡುವ ಅಭ್ಯಾಸ. ಕೊನೆಗೆ ಸಿಹಿನೀರಲ್ಲಿ ಎಂಜಿನ್ ಓಡಿಸಿ ಉಪ್ಪು ತೊಳೆಯುವುದಂತೂ ನಿಮ್ಮ ಮಾವನಿಗೇ ಗೊತ್ತು.

ನೋಂದಣಿ ಕಾಗದ ಅಜ್ಜನ ಹೆಸರಲ್ಲೇ ಇದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಬೈತಖೋಲದ ಬಂದರು ಇಲಾಖೆಯಲ್ಲಿ ಈಗಲೇ ವಿಚಾರಿಸಿ. ನೌಕಾನೆಲೆಯ ನೀರಿನ ಗಡಿ ಎಲ್ಲಿ ಶುರುವಾಗುತ್ತದೆ ಎಂದೂ ಕೇಳಿಕೊಳ್ಳಿ. ಮೊದಲ ಓಟ ಸಮುದ್ರಕ್ಕಲ್ಲ, ಕಾಳಿಯ ಒಳಗೆ, ಸದಾಶಿವಗಡದ ಕಡೆ, ನೀರು ಭರತವೂ ಇಳಿತವೂ ಇಲ್ಲದೆ ನಿಂತ ಹೊತ್ತಿನಲ್ಲಿ. ನದಿ ಸಮುದ್ರ ಸೇರುವ ಅಳಿವೆ ದಾಟುವುದನ್ನು ಮೊದಲ ಕೆಲವು ಸಲ ಅಲ್ಲಿನ ಮರಳು ಬಲ್ಲ ತಾಂಡೇಲರನ್ನು (ದೋಣಿ ನಡೆಸುವ ಅನುಭವಿಗಳನ್ನು) ಜೊತೆಗಿಟ್ಟುಕೊಂಡೇ ಮಾಡಿ. 16 ಅಡಿ ಉದ್ದ, 6 ಅಡಿ ಅಗಲವೆಂದರೆ ಶಾಂತ ನೀರಿಗೆ ಆರು ಜನರ ಲೆಕ್ಕ. ಸಮುದ್ರಕ್ಕೆ, ಈ ವಯಸ್ಸಿನ ದೋಣಿಗೆ, ನಾನು ನಾಲ್ಕು ಎನ್ನುತ್ತೇನೆ, ನಾಲ್ವರಿಗೂ ಲೈಫ್ ಜಾಕೆಟ್. 2019ರ ಜನವರಿಯಲ್ಲಿ ಅದೇ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿದ್ದನ್ನು ಕಾರವಾರದವರಿಗೆ ನಾನು ನೆನಪಿಸಬೇಕಿಲ್ಲ. ಅಮ್ಮನ ಜೊತೆ ನೆಂಟರೆಲ್ಲ ಹತ್ತಲು ಬರುತ್ತಾರೆ, ಆಗ 'ಎರಡು ಸುತ್ತು ಹೊಡೆಯೋಣ' ಎನ್ನಿ.

ಇನ್ನು ಅಜ್ಜ ಬರೆಸಿದ ಹೆಸರು. ಅದು ನೀರಿನ ಮಟ್ಟಕ್ಕಿಂತ ಮೇಲಿದೆ, ಆದ್ದರಿಂದ ಅಲ್ಲಿ ಉಜ್ಜಲೇಬೇಕೆಂದಿಲ್ಲ. ಕೆಲಸದವರು ಬರುವ ಮೊದಲೇ ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪ್ರತಿ ಅಕ್ಷರದ ಅಂಚನ್ನು ಮಾರ್ಕರ್‌ನಲ್ಲಿ ತೆಗೆದುಕೊಳ್ಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಸಾಬೂನು ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ 'ಶ್ರೀ'ಯ ಒಂದು ಮೂಲೆ ಮಾತ್ರ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಸುತ್ತ ಟೇಪ್ ಕಟ್ಟಿ ಅಷ್ಟು ಜಾಗವನ್ನು ಹಾಗೇ ಬಿಡಿ. ಬರದಿದ್ದರೆ ತೊಳೆದು, ಅಕ್ಷರಗಳ ಸುತ್ತಲಿನ ಜೆಲ್‌ಕೋಟನ್ನು ಪಾಲಿಷ್ ಮಾಡಿಸಿ. ಮೇಲೆ ವಾರ್ನಿಷ್ ಬಳಿಯಲು ಯಾರು ಹೇಳಿದರೂ ಒಪ್ಪಬೇಡಿ, ಬಿಸಿಲಿಗೆ ಹಳದಿಯಾಗಿ ಸುಲಿಯುವಾಗ ಅದು ಅಕ್ಷರವನ್ನೂ ಎತ್ತಿಕೊಂಡೇ ಬರುತ್ತದೆ.